ಮೊಬೈಲ್ ಆ್ಯಪ್ ಮತ್ತು ನಡುದಾರಿಯ ಕೈ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾವು ಮೂವರು ಇದೇ ಊರಿನವರು. ಚಿಕ್ಕಂದಿನಲ್ಲಿ ಇದೇ ಡೇರಿ ಮುಂದೆ ಹಾಲಿನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರು. ಈಗ ಬೆಂಗಳೂರಿನಲ್ಲಿ ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇವೆ. ಮೈಕಿನ ಮುಂದೆ ನಿಂತಿರುವವರು ಒಬ್ಬರಾದರೂ ಮಾತು ಮೂವರದ್ದು.

ಇವತ್ತಿನ ಕಾರ್ಯಕ್ರಮದಲ್ಲಿ ಮೊದಲು ‘ಸಂಘದ ಮೊಬೈಲ್ ಆ್ಯಪ್ ಉದ್ಘಾಟನೆ’ ಎಂದಿತ್ತು. ಆಮೇಲೆ ಅದನ್ನು ತೆಗೆದರು. ತೆಗೆಸಿದವರು ನಾವೇ. ‘ಹುಡುಗರು ಬೆಂಗಳೂರಿಂದ ಬಂದು ಒಳ್ಳೇ ಕೆಲಸಕ್ಕೆ ಕಲ್ಲು ಹಾಕಿದ್ರು’ ಅಂತ ಅರಳಿಕಟ್ಟೆಯಲ್ಲಿ ಮಾತಾಗಿದೆ ಎಂದು ಕೇಳಿದ್ದೇವೆ. ಆ ಮಾತಿಗೆ ಸಭೆಯಲ್ಲೇ ಉತ್ತರ ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ.

ಆ್ಯಪ್‌ನ ಉದ್ದೇಶ ಒಳ್ಳೆಯದೇ. ಬೆಳಿಗ್ಗೆ ಸಂಜೆ ಎಷ್ಟು ಲೀಟರ್ ಹಾಕಿದಿರಿ, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು, ಪಶು ಆಹಾರದ ಮೂಟೆಗೆ ಎಷ್ಟು ಮುರಿದುಕೊಂಡರು, ಬಟವಾಡೆ ಎಷ್ಟು, ಎಲ್ಲಾ ಮನೆಯಲ್ಲೇ ಕುಳಿತು ನೋಡಬಹುದು. ಬ್ಯಾಂಕ್ ಖಾತೆ ಬದಲಾಯಿಸಬೇಕಾದರೆ ಅದೂ ಫೋನಿನಲ್ಲೇ. ಬಿಡುಗಡೆಗೆ ಮುಂಚೆ ಒಮ್ಮೆ ನೋಡಿಕೊಡಿ ಎಂದು ಕಾರ್ಯದರ್ಶಿಗಳು ಕೇಳಿದ್ದರಿಂದ ನೋಡಿದೆವು. ಮಂಡಳಿಯ ಠರಾವು ಬರೆಸಿಕೊಂಡು, ಸಂಘದ ಕೋಣೆಯಲ್ಲೇ, ನಮ್ಮ ಮನೆಯವರ ಸದಸ್ಯ ಸಂಖ್ಯೆಗಳನ್ನು ಇಟ್ಟುಕೊಂಡೇ ಪರೀಕ್ಷೆ ಮಾಡಿದೆವು. ಅಪ್ಪಣೆ ಇಲ್ಲದೆ ಇಂಥ ಕೆಲಸ ಮಾಡಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಪ್ರಕಾರ ಅಪರಾಧ. ಇಲ್ಲಿ ಕುಳಿತಿರುವ ಕಾಲೇಜು ಹುಡುಗರು ಇದನ್ನು ನೆನಪಿಡಿ.

ನಾವು ಬಳಸಿದ ಸಾಧನಕ್ಕೆ ‘ಪ್ರಾಕ್ಸಿ’ ಎನ್ನುತ್ತಾರೆ. ಕಾಲೇಜಿನಲ್ಲಿ ಒಬ್ಬನ ಬದಲಿಗೆ ಇನ್ನೊಬ್ಬ ಹಾಜರಿ ಕೂಗುತ್ತಾನಲ್ಲ, ಹಾಗೆ ಬದಲಿಗೆ ನಿಂತವನು. ಇಲ್ಲಿಂದ ಕ್ಯಾನ್ ಹೊರಡುತ್ತದೆ, ವ್ಯಾನಿನಲ್ಲಿ ಶೀತಲ ಕೇಂದ್ರಕ್ಕೆ ಹೋಗುತ್ತದೆ ಅಂದುಕೊಳ್ಳಿ. ದಾರಿಯಲ್ಲಿ ಒಬ್ಬ ವ್ಯಾನ್ ನಿಲ್ಲಿಸಿ, ಮುಚ್ಚಳ ತೆಗೆದು, ನೋಡಿ, ಬೇಕಾದರೆ ಒಂದು ಚೊಂಬು ನೀರು ಬೆರೆಸಿ, ಮತ್ತೆ ಮುಚ್ಚಿ ಕಳಿಸುತ್ತಾನೆ. ಕಳಿಸಿದ ನಮಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಪ್ರಾಕ್ಸಿ ಫೋನಿಗೆ ‘ನಾನೇ ಸರ್ವರ್’ ಅನ್ನುತ್ತದೆ, ಸರ್ವರ್‌ಗೆ ‘ನಾನೇ ಫೋನು’ ಅನ್ನುತ್ತದೆ. ಸರ್ವರ್ ಅಂದರೆ ನಮ್ಮ ಲೆಕ್ಕವೆಲ್ಲ ಇರುವ ದೂರದ ಕಂಪ್ಯೂಟರ್. ಪ್ರಾಕ್ಸಿ ಕೆಟ್ಟದ್ದೇ ಎಂದಲ್ಲ. ಎಷ್ಟೋ ಕಚೇರಿಗಳಲ್ಲಿ ಇದೆ, ನಮ್ಮ ಹೊಟ್ಟೆಪಾಡು ಕೂಡ ಅದರಿಂದಲೇ. ಅದು ಯಾರ ಕೈಯಲ್ಲಿದೆ ಎನ್ನುವುದು ಮುಖ್ಯ.

ಪ್ರಾಕ್ಸಿ ಹಚ್ಚಿ ಆ್ಯಪ್ ತೆರೆದೆವು. ಸದಸ್ಯ ಸಂಖ್ಯೆ, ಗುಪ್ತಪದ, ಬ್ಯಾಂಕ್ ಖಾತೆ ಸಂಖ್ಯೆ, ಎಲ್ಲಾ ಅಂಚೆ ಕಾರ್ಡಿನ ಬರಹದ ಹಾಗೆ ಲ್ಯಾಪ್‌ಟಾಪ್ ಪರದೆ ಮೇಲೆ ಬಂದುಬಿಟ್ಟಿತು. ಸರ್ವರ್‌ನಿಂದ ಬರುವ ಉತ್ತರದಲ್ಲಿ ಒಂದು ಸೊನ್ನೆ ಸೇರಿಸಿದೆವು, ನಮ್ಮಲ್ಲೊಬ್ಬರ ತಂದೆಯವರ ಬಟವಾಡೆ ಹತ್ತು ಪಟ್ಟಾಯಿತು. ಅವರು ನಕ್ಕರು. ಅದು ಫೋನಿನಲ್ಲಿ ಕಾಣುವ ಅಂಕಿ ಮಾತ್ರ, ಸಂಘದ ಲೆಕ್ಕ ಬದಲಾಗಿರಲಿಲ್ಲ. ಆಮೇಲೆ ಫೋನಿನಿಂದ ಹೋಗುವ ಕೋರಿಕೆಯಲ್ಲಿ ಅವರ ಸದಸ್ಯ ಸಂಖ್ಯೆ ಅಳಿಸಿ ಇನ್ನೊಬ್ಬರ ತಾಯಿಯ ಸಂಖ್ಯೆ ಹಾಕಿದೆವು. ಆ ತಾಯಿಯ ಪೂರ್ತಿ ಲೆಕ್ಕ ತೆರೆಯಿತು. ಹಾಗೆಯೇ ಅವರ ಬ್ಯಾಂಕ್ ಖಾತೆ ಬದಲಾಯಿಸುವ ಕೋರಿಕೆಯನ್ನೂ ಕಳಿಸಿದೆವು. ಸರ್ವರ್ ‘ಆಗಲಿ’ ಅಂದುಬಿಟ್ಟಿತು. ಆಗ ಯಾರೂ ನಗಲಿಲ್ಲ. ಮುಂದಿನ ಬಟವಾಡೆ ಬೇರೆ ಯಾರದ್ದೋ ಖಾತೆಗೆ ಹೋಗುತ್ತಿತ್ತು. ಕೂಡಲೇ ಹಳೆಯ ಖಾತೆಯನ್ನು ಮತ್ತೆ ಸೇರಿಸಿ, ಕಾರ್ಯದರ್ಶಿಗಳಿಗೆ ತೋರಿಸಿದೆವು.

ಆ್ಯಪ್ ಮಾಡಿಕೊಟ್ಟ ಸಂಸ್ಥೆಯವರನ್ನು ಕೇಳಿದರೆ, ‘ಸರ್, ಎಚ್‌ಟಿಟಿಪಿಎಸ್ ಇದೆಯಲ್ಲ, ಎಲ್ಲಾ ಗೂಢಲಿಪಿಯಲ್ಲೇ ಹೋಗುತ್ತೆ’ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಈ ಜಾಗದಲ್ಲಿ ಸ್ವಲ್ಪ ನಿಧಾನವಾಗಿ ಕೇಳಬೇಕು.

ಕ್ಯಾನಿಗೆ ಸೀಲ್ ಹಾಕಿದರೆ ಸಾಲದು, ಆ ಸೀಲ್ ಯಾರದ್ದೆಂದು ನೋಡುವವರೂ ಬೇಕು. ಎಚ್‌ಟಿಟಿಪಿಎಸ್‌ನಲ್ಲಿ ಸರ್ವರ್ ಮೊದಲು ಫೋನಿಗೆ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ‘ಈ ಹೆಸರಿನ ಸರ್ವರ್ ಇವರದ್ದೇ’ ಎಂದು ಒಂದು ಪ್ರಮಾಣ ಸಂಸ್ಥೆ ಅದಕ್ಕೆ ಸಹಿ ಮಾಡಿರುತ್ತದೆ. ನಂಬಬಹುದಾದ ಇಂಥ ಸಂಸ್ಥೆಗಳ ಪಟ್ಟಿ ಪ್ರತಿ ಫೋನಿನ ಹೊಟ್ಟೆಯಲ್ಲೂ ಮೊದಲೇ ಇರುತ್ತದೆ. ನಡುದಾರಿಯವನು ಆ ಸರ್ಟಿಫಿಕೇಟಿನ ನಕಲು ತೋರಿಸಬಹುದು, ಆದರೆ ಅದಕ್ಕೆ ಜೋಡಿಯಾದ ಗುಪ್ತ ಕೀಲಿ ಸರ್ವರ್ ಬಿಟ್ಟು ಬೇರೆಲ್ಲೂ ಇಲ್ಲವಾದ್ದರಿಂದ ಮಾತು ಮುಂದುವರಿಸಲಾರ. ಆದ್ದರಿಂದ ತನ್ನದೇ ಸರ್ಟಿಫಿಕೇಟ್ ಮಾಡಿ ತೋರಿಸುತ್ತಾನೆ. ಫೋನು ಪಟ್ಟಿ ನೋಡಿ ‘ಈ ಸಹಿ ಯಾರದ್ದೋ ಗೊತ್ತಿಲ್ಲ’ ಎಂದು ಸಂಪರ್ಕ ಕಡಿಯಬೇಕು. ಇದು ನ್ಯಾಯವಾಗಿ ಆಗಬೇಕಾದದ್ದು.

ನಮ್ಮ ಆ್ಯಪ್‌ನಲ್ಲಿ ಆ ತಪಾಸಣೆಯನ್ನೇ ನಿಲ್ಲಿಸಿದ್ದರು. ಆ್ಯಪ್ ಬರೆಯುವಾಗ ಪ್ರಯೋಗಕ್ಕೆಂದು ಇಟ್ಟುಕೊಂಡ ಸರ್ವರ್‌ಗೆ ಸರಿಯಾದ ಸರ್ಟಿಫಿಕೇಟ್ ಇರುವುದಿಲ್ಲ, ದಿನವೂ ಎಚ್ಚರಿಕೆ ಬರುತ್ತದೆ, ಕಿರಿಕಿರಿ. ‘ಯಾವ ಸರ್ಟಿಫಿಕೇಟ್ ಬಂದರೂ ಒಪ್ಪಿಕೊ’ ಎಂದು ನಾಲ್ಕು ಸಾಲು ಬರೆದು ಮುಂದೆ ಹೋಗುತ್ತಾರೆ. ಕೊನೆಗೆ ಆ ನಾಲ್ಕು ಸಾಲು ಅಳಿಸುವುದು ಮರೆಯುತ್ತದೆ. ಇದು ಒಂದು ಸಂಸ್ಥೆಯ ಕಥೆಯಲ್ಲ. 2012ರಲ್ಲಿ ಜರ್ಮನಿಯ ಹ್ಯಾನೋವರ್ ಮತ್ತು ಮಾರ್ಬರ್ಗ್ ವಿಶ್ವವಿದ್ಯಾಲಯಗಳ ಸಂಶೋಧಕರು 13,500 ಉಚಿತ ಆಂಡ್ರಾಯ್ಡ್ ಆ್ಯಪ್‌ಗಳನ್ನು ಸೋಸಿ ನೋಡಿದರು. 1,074 ಆ್ಯಪ್‌ಗಳಲ್ಲಿ ಇಂಥ ದೋಷದ ಲಕ್ಷಣ ಇತ್ತು. 100 ಆ್ಯಪ್‌ಗಳನ್ನು ಆರಿಸಿ ಕೈಯಾರೆ ಪರೀಕ್ಷಿಸಿದಾಗ 41ರಲ್ಲಿ ನಡುವೆ ನಿಂತು ಓದಲು ಸಾಧ್ಯವಾಯಿತು. ಇಷ್ಟು ವರ್ಷ ಆದಮೇಲೂ ಅದೇ ನಾಲ್ಕು ಸಾಲು ನಮ್ಮೂರಿನ ಆ್ಯಪ್‌ನಲ್ಲಿ ಸಿಕ್ಕಿತು.

ತಪಾಸಣೆ ಸರಿಯಾಗಿದ್ದರೂ ಇನ್ನೊಂದು ದಾರಿ ಉಂಟು. ಫೋನಿನ ನಂಬಿಕೆಯ ಪಟ್ಟಿಗೇ ಒಂದು ಹೊಸ ಹೆಸರು ಸೇರಿಸಿಬಿಡುವುದು. ಕಜಕಸ್ತಾನ ದೇಶದಲ್ಲಿ 2019ರ ಜುಲೈನಲ್ಲಿ ರಾಜಧಾನಿಯ ಜನರಿಗೆ ‘ಈ ಸರ್ಟಿಫಿಕೇಟ್ ನಿಮ್ಮ ಫೋನಿಗೆ ಹಾಕಿಕೊಳ್ಳಿ’ ಎಂದು ಸಂದೇಶ ಬಂತು. ಹಾಕಿಕೊಂಡರೆ ಅವರ ಮಾತುಕತೆಯನ್ನು ಸರ್ಕಾರ ನಡುವೆ ತೆರೆದು ಓದಬಹುದಾಗಿತ್ತು. ಆಗಸ್ಟ್‌ನಲ್ಲಿ ಗೂಗಲ್, ಮೊಜಿಲ್ಲಾ, ಆಪಲ್ ಕಂಪನಿಗಳು ತಮ್ಮ ಬ್ರೌಸರ್‌ಗಳಲ್ಲಿ ಆ ಸರ್ಟಿಫಿಕೇಟನ್ನು ತಿರಸ್ಕರಿಸಿದವು. ಆ್ಯಪ್‌ಗಳ ಮಟ್ಟಿಗೆ ಆಂಡ್ರಾಯ್ಡ್ 2016ರಲ್ಲೇ ಇದಕ್ಕೊಂದು ಬೇಲಿ ಹಾಕಿತ್ತು. ಆಂಡ್ರಾಯ್ಡ್ 7ರಿಂದ ಈಚಿನ ನಿಯಮಕ್ಕೆ ಬರೆದ ಆ್ಯಪ್‌ಗಳು, ಬಳಕೆದಾರರು ತಾವಾಗಿ ಸೇರಿಸಿದ ಸರ್ಟಿಫಿಕೇಟನ್ನು ನಂಬುವುದಿಲ್ಲ, ಬರೆದವರೇ ‘ನಂಬು’ ಎಂದು ಹೇಳಿದ್ದರೆ ಹೊರತು. 2018ರ ಆಂಡ್ರಾಯ್ಡ್ 9ರಿಂದ ಗೂಢಲಿಪಿ ಇಲ್ಲದ ಸಂಪರ್ಕವನ್ನೂ ತಾನಾಗಿ ತಡೆಯುವಂತಾಯಿತು. ಅಂದರೆ ಫೋನು ಕೊಟ್ಟ ಬೇಲಿಯನ್ನು ಕೀಳದೆ ಇದ್ದರೇ ಅರ್ಧ ರಕ್ಷಣೆ ಸಿಕ್ಕಹಾಗೆ.

ಸಹಿ ಮಾಡುವ ಸಂಸ್ಥೆಯ ಮನೆಗೇ ಕನ್ನ ಬಿದ್ದರೆ? ಬಿದ್ದಿದೆ. 2011ರಲ್ಲಿ ಹಾಲೆಂಡಿನ ಡಿಜಿನೋಟಾರ್ ಎಂಬ ಪ್ರಮಾಣ ಸಂಸ್ಥೆಗೆ ಕಳ್ಳರು ನುಗ್ಗಿ ಗೂಗಲ್ ಹೆಸರಿನಲ್ಲಿ ಸರ್ಟಿಫಿಕೇಟ್ ಹೊರಡಿಸಿಕೊಂಡರು. ಇರಾನಿನ ಜನರ ಜಿಮೇಲ್ ಓದಲು ಅದು ಬಳಕೆಯಾಯಿತು. ಸಿಕ್ಕಿಬಿದ್ದದ್ದು ಹೇಗೆ ಅಂದರೆ, ಕ್ರೋಮ್ ಬ್ರೌಸರ್ ಗೂಗಲ್‌ನ ಕೀಲಿಗಳು ಯಾವುವೆಂದು ತಾನೇ ಗುರುತಿಟ್ಟುಕೊಂಡಿತ್ತು. ‘ಸಹಿ ಸರಿ, ಆದರೆ ಇದು ನನಗೆ ಗೊತ್ತಿರುವ ಕೀಲಿ ಅಲ್ಲ’ ಎಂದು ಎಚ್ಚರಿಕೆ ಕೊಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಆ ಸಂಸ್ಥೆ ದಿವಾಳಿಯಾಯಿತು. ನಮ್ಮ ದೇಶದಲ್ಲೂ 2014ರ ಜುಲೈನಲ್ಲಿ ಎನ್‌ಐಸಿ ಮೂಲಕ ಗೂಗಲ್ ಹೆಸರಿನ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದದ್ದು ಬೆಳಕಿಗೆ ಬಂದು, ಅದರ ಸರ್ಟಿಫಿಕೇಟ್‌ಗಳನ್ನು ಕೂಡಲೇ ರದ್ದು ಮಾಡಬೇಕಾಯಿತು.

ಕ್ರೋಮ್ ಮಾಡಿದ ಹಾಗೆ ಆ್ಯಪ್ ಕೂಡ ತನ್ನ ಸರ್ವರ್‌ನ ಕೀಲಿಯ ಗುರುತನ್ನು ತನ್ನೊಳಗೇ ಇಟ್ಟುಕೊಳ್ಳುವುದಕ್ಕೆ ‘ಪಿನ್ನಿಂಗ್’ ಎನ್ನುತ್ತಾರೆ. ಹೆಸರು ಹೇಳಿದ ಕೂಡಲೇ ಒಳಗೆ ಬಿಡದೆ, ಮುಖ ಪರಿಚಯ ಇದ್ದವರಿಗೆ ಮಾತ್ರ ಬಾಗಿಲು ತೆಗೆಯುವ ಅಜ್ಜಿಯ ಹಾಗೆ. ಬಲವಾದ ಉಪಾಯವೇ. ಆದರೆ ಕೀಲಿ ಬದಲಾದ ದಿನ ಅಜ್ಜಿ ಮನೆ ಯಜಮಾನನನ್ನೇ ಹೊರಗೆ ನಿಲ್ಲಿಸುತ್ತಾಳೆ. ಸರ್ಟಿಫಿಕೇಟ್‌ಗಳ ಆಯುಷ್ಯವೂ ಕಡಿಮೆಯಾಗುತ್ತಾ ಇದೆ. 2029ರ ಮಾರ್ಚ್ ಹೊತ್ತಿಗೆ ಅದನ್ನು 47 ದಿನಕ್ಕೆ ಇಳಿಸಬೇಕೆಂದು 2025ರ ಏಪ್ರಿಲ್‌ನಲ್ಲಿ ತೀರ್ಮಾನವಾಗಿದೆ. ಹಾಗಾಗಿ ಪಿನ್ನಿಂಗ್ ಮಾಡುವವರು ಸರ್ಟಿಫಿಕೇಟನ್ನಲ್ಲ, ಕೀಲಿಯನ್ನು ಗುರುತಿಡಬೇಕು, ಜೊತೆಗೆ ಒಂದು ಬದಲಿ ಕೀಲಿಯನ್ನೂ ಭದ್ರವಾಗಿ ಇಟ್ಟಿರಬೇಕು. ಆಂಡ್ರಾಯ್ಡ್‌ನವರೇ ಸಾಮಾನ್ಯ ಆ್ಯಪ್‌ಗಳಿಗೆ ಇದು ಬೇಡ ಎನ್ನುತ್ತಾರೆ. ನಮ್ಮ ಸಂಘಕ್ಕೆ ಬೇಕೇ ಬೇಡವೇ ಎಂದು ನಾವು ಮೂವರೂ ಒಂದು ರಾತ್ರಿ ಜಗಳವಾಡಿದ್ದೇವೆ. ಒಬ್ಬರು ಬೇಕೇ ಬೇಕು ಅಂದರು. ‘ಬಟವಾಡೆ ದಿನ ಕೀಲಿ ಬದಲಾಗಿ, ಎಲ್ಲರ ಫೋನಿನಲ್ಲೂ ಆ್ಯಪ್ ಸತ್ತು ಕೂತರೆ ಕಾರ್ಯದರ್ಶಿಗಳು ಮನೆಮನೆಗೆ ಹೋಗಿ ಹೊಸದು ಹಾಕಿಕೊಡ್ತಾರಾ?’ ಎಂದು ಉಳಿದಿಬ್ಬರು ಕೇಳಿದೆವು. ಸದ್ಯಕ್ಕೆ ಬೇಡ ಎಂದಾಯಿತು.

ಬೇಡ ಎನ್ನುವುದಕ್ಕೆ ಇನ್ನೂ ಒಂದು ಕಾರಣ ಇತ್ತು. ಪಿನ್ನಿಂಗ್ ಕಾಯುವುದು ಸದಸ್ಯರನ್ನು, ಹೊರಗಿನ ಕಳ್ಳನಿಂದ. ಫೋನೇ ಕಳ್ಳನದ್ದಾದರೆ? ತನ್ನ ಸ್ವಂತ ಫೋನಿನ ಬೀಗ ಮುರಿದು, ಫ್ರಿಡಾದಂಥ ಸಲಕರಣೆ ಹಚ್ಚಿ, ಆ್ಯಪ್ ಒಳಗಿನ ತಪಾಸಣೆಯನ್ನು ಮಲಗಿಸಿ, ತನ್ನದೇ ಪ್ರಾಕ್ಸಿಯಲ್ಲಿ ನಿಧಾನವಾಗಿ ಓದುತ್ತಾನೆ. ಅವನ ಕೈಯಲ್ಲಿರುವ ವಸ್ತುವಿನೊಳಗೆ ಏನು ಬಚ್ಚಿಟ್ಟರೂ ತಡವಾಗಬಹುದೇ ಹೊರತು ತಪ್ಪುವುದಿಲ್ಲ. ಪ್ರಾಕ್ಸಿ ಇದ್ದರೆ ತೆರೆಯುವುದೇ ಇಲ್ಲ ಎನ್ನುವ ಆ್ಯಪ್‌ಗಳೂ ಉಂಟು. ನಮ್ಮ ಅನುಭವದಲ್ಲಿ ಅದರಿಂದ ತೊಂದರೆ ಪಡುವವರು ಹೆಚ್ಚಾಗಿ ಪ್ರಾಮಾಣಿಕರು.

ಆದ್ದರಿಂದ ನಿಜವಾದ ಕಾವಲು ಸರ್ವರ್‌ನಲ್ಲಿ ಇರಬೇಕು. ನಮ್ಮ ಆ್ಯಪ್‌ನ ದೊಡ್ಡ ತಪ್ಪು ಅಲ್ಲೇ ಇದ್ದದ್ದು. ಸದಸ್ಯ ಸಂಖ್ಯೆ ಬದಲಾಯಿಸಿ ಕೇಳಿದಾಗ ‘ಒಳಗೆ ಬಂದಿರುವವರು ಯಾರು, ಕೇಳುತ್ತಿರುವುದು ಯಾರ ಲೆಕ್ಕ’ ಎಂದು ಅದು ಹೊಂದಿಸಿ ನೋಡಲೇ ಇಲ್ಲ. ಮನೆಯಲ್ಲಿ ಫ್ಯಾಟ್ ಎಷ್ಟೆಂದು ಬರೆದು ತಂದ ಚೀಟಿ ನಂಬಿ ನಮ್ಮ ಹಾಲು ಪರೀಕ್ಷಕರು ದುಡ್ಡು ಬರೆಯುತ್ತಾರೆಯೇ? ಯಂತ್ರಕ್ಕೆ ಹಾಕಿ ನೋಡಿಯೇ ಬರೆಯುತ್ತಾರೆ. ಫೋನಿನಿಂದ ಬಂದದ್ದನ್ನೆಲ್ಲ ಸರ್ವರ್ ಹಾಗೆಯೇ ನೋಡಬೇಕು.

ಮಂಡಳಿಯ ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು, ‘ನನ್ನದು ಎರಡು ಹಸು ಕಣ್ರಪ್ಪಾ, ನನ್ನ ಲೆಕ್ಕ ಯಾರು ನೋಡಿದ್ರೆ ಏನು ಹೋಯ್ತು?’ ಎಂದು ಕೇಳಿದರು. ಲೀಟರ್ ನೋಡಿದರೆ ಏನೂ ಹೋಗುವುದಿಲ್ಲ ಅಜ್ಜಿ, ನಿಜ. ಆದರೆ ಖಾತೆ ಸಂಖ್ಯೆ, ಫೋನ್ ನಂಬರ್, ಕಳೆದ ಬಟವಾಡೆ ಮೊತ್ತ ಗೊತ್ತಿರುವವನು ನಾಳೆ ಫೋನ್ ಮಾಡಿ, ‘ಡೇರಿಯಿಂದ ಮಾತಾಡ್ತಿದ್ದೀವಿ, ನಿಮಗೆ ಇಷ್ಟು ರೂಪಾಯಿ ಬಂದಿತ್ತಲ್ಲ’ ಎಂದು ಪೈಸೆ ಸಮೇತ ಹೇಳಿದರೆ, ಆಮೇಲೆ ಅವನು ಕೇಳುವ ಒಟಿಪಿಯನ್ನು ನೀವು ಹೇಳದೆ ಇರುತ್ತೀರಾ?

ಮಂಡಳಿ ಮತ್ತೆ ಸೇರಿ, ಸಂಸ್ಥೆಯವರನ್ನೂ ಕರೆಸಿ, ತೀರ್ಮಾನ ಮಾಡಿದೆ. ಸರ್ಟಿಫಿಕೇಟ್ ತಪಾಸಣೆ ತಪ್ಪಿಸುವ ಸಾಲುಗಳನ್ನು ತೆಗೆಯಬೇಕು. ಪ್ರತಿ ಕೋರಿಕೆಗೂ ಸರ್ವರ್ ಸದಸ್ಯರನ್ನು ಹೊಂದಿಸಿ ನೋಡಬೇಕು. ಬೇರೆಯವರಿಂದ ಪರೀಕ್ಷೆ ಮಾಡಿಸಿ ವರದಿ ಕೊಟ್ಟ ಮೇಲೆಯೇ ಕೊನೆಯ ಕಂತು. ನಾವು ಊರಿನವರಾದ್ದರಿಂದ ಆ ಪರೀಕ್ಷೆಯನ್ನು ನಾವೇ ಮಾಡುವುದು ಸರಿಯಲ್ಲ ಎಂದು ಹೇಳಿದ್ದೇವೆ. ಬ್ಯಾಂಕ್ ಖಾತೆ ಬದಲಾಯಿಸುವ ಸೌಲಭ್ಯವನ್ನು ಆ್ಯಪ್‌ನಿಂದ ಪೂರ್ತಿ ತೆಗೆದಿದ್ದಾರೆ. ಪಾಸ್ ಪುಸ್ತಕ ಹಿಡಿದು ಸಂಘಕ್ಕೇ ಬಂದು, ಕಾರ್ಯದರ್ಶಿಗಳ ಮುಂದೆ ಸಹಿ ಮಾಡಿ ಬದಲಾಯಿಸಬೇಕು. ವರ್ಷಕ್ಕೊಮ್ಮೆಯೂ ಬಾರದ ಕೆಲಸ ಅದು, ನಡೆದುಕೊಂಡು ಬಂದರೆ ಕಾಲು ಸವೆಯುವುದಿಲ್ಲ.

ನಿಮ್ಮ ಕಡೆಯಿಂದ ಆಗಬೇಕಾದ್ದು ಸ್ವಲ್ಪವೇ. ಸಂಘದ ಆ್ಯಪ್ ಬಂದಾಗ ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸಾಪ್‌ನಲ್ಲಿ ‘ಡೇರಿ ಹೊಸ ಆ್ಯಪ್’ ಎಂದು ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಯಾರಾದರೂ ‘ಸರ್ಟಿಫಿಕೇಟ್ ಹಾಕಿಕೊಳ್ಳಿ, ಉಚಿತ ವೈಫೈ ಬರುತ್ತೆ’ ಎಂದರೆ ವೈಫೈಯೇ ಬೇಡ ಎನ್ನಿ. ದುಡ್ಡು ಹೋಯಿತೆಂದು ಗೊತ್ತಾದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಪರೀಕ್ಷೆಯ ವರದಿಯನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಕಾರ್ಯದರ್ಶಿಗಳು ಓದುತ್ತಾರೆ. ಅಲ್ಲಿಯವರೆಗೆ ಹಾಲಿನ ಲೆಕ್ಕ ಈಗಿನ ಹಾಗೆ ಚೀಟಿಯಲ್ಲೇ ಬರುತ್ತದೆ, ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ. ಸಂಜೆ ಹಾಲಿನ ಹೊತ್ತಾಯಿತು.