ಮಕ್ಕಳ ಮಧುಮೇಹವೂ ಪ್ರಶ್ನಾವಳಿಯ ಭಾಷೆಯೂ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನುಡಿಯ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ನಾವು ಇಂದು ನುಡಿಯ ಒಂದು ಚಿಕ್ಕ ಕೆಲಸವನ್ನು ಕುರಿತು ಅರಿಕೆ ಮಾಡಿಕೊಳ್ಳಲು ನಿಂತಿದ್ದೇವೆ. ನಾವು ವೈದ್ಯರಲ್ಲ, ವಡೋದರೆಯಲ್ಲಿ ನೆಲೆಸಿರುವ, ಮಧುಮೇಹವುಳ್ಳ ಒಬ್ಬ ಹುಡುಗಿಯ ತಂದೆತಾಯಿ. ನಮ್ಮ ಅನುಭವ ಇತರ ಮನೆಗಳಿಗೆ ಉಪಯೋಗವಾದೀತೆಂಬ ಆಸೆಯೇ ನಮ್ಮನ್ನು ಮಾತನಾಡಿಸುತ್ತಿದೆ.

ಮಕ್ಕಳಿಗೆ ಬರುವ ಮಧುಮೇಹ ಬಹುಮಟ್ಟಿಗೆ ಮೊದಲನೆಯ ಬಗೆಯದು. ಮೈಯಲ್ಲಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುತ್ತದೆ. ಅದು ಸಿಹಿ ತಿಂದುದರಿಂದ ಬಂದುದಲ್ಲ, ತಾಯಿಯ ತಪ್ಪೂ ಅಲ್ಲ. 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲು ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಈಗ ಉಳಿಯುತ್ತಾರೆ, ಓದುತ್ತಾರೆ, ನವರಾತ್ರಿಯಲ್ಲಿ ಗರ್ಬಾ ಆಡುತ್ತಾರೆ. ಆದುದರಿಂದಲೇ, ಮಗು ಉಳಿಯಿತೇ ಎಂಬುದರ ಜೊತೆಗೆ ಹೇಗೆ ಬಾಳುತ್ತಿದೆ ಎಂಬ ಪ್ರಶ್ನೆಯೂ ಹುಟ್ಟಿತು. ರಕ್ತಪರೀಕ್ಷೆ ಸಕ್ಕರೆಯನ್ನು ಅಳೆಯುತ್ತದೆ. ಸೂರತ್ತಿನಲ್ಲಿ ಚಂದನಿ ಪಡವೋ ದಿನ ಗೆಳತಿಯರೆಲ್ಲ ಘಾರಿ ತಿನ್ನುವಾಗ ಲೆಕ್ಕ ಹಾಕುತ್ತ ಕುಳಿತ ಮಗುವಿನ ಮನಸ್ಸನ್ನು ಅಳೆಯಲಾರದು. ಅದಕ್ಕೆ ಮಗುವನ್ನೇ ಕೇಳಬೇಕು.

ಹೀಗೆ ಕೇಳುವ ಪ್ರಶ್ನಾವಳಿಗಳಲ್ಲಿ ಹೆಸರಾದುದು ಅಮೆರಿಕದ ಜೇಮ್ಸ್ ವಾರ್ನಿಯವರ ಪೆಡ್ಸ್‌ಕ್ಯೂಎಲ್. ಎಲ್ಲ ಮಕ್ಕಳಿಗೂ ಸಲ್ಲುವ 23 ಪ್ರಶ್ನೆಗಳದು ಒಂದು. ಮಧುಮೇಹಕ್ಕೇ ಮೀಸಲಾದುದು ಇನ್ನೊಂದು. 2003ರಲ್ಲಿ ಪ್ರಕಟವಾದ ಈ ಎರಡನೆಯದರಲ್ಲಿ 28 ಪ್ರಶ್ನೆಗಳಿದ್ದುವು. ಇಂಥಿಂಥದು ಎಷ್ಟು ಸಲ ತೊಂದರೆ ಕೊಟ್ಟಿತೆಂದು ಕೇಳಿ, ‘ಎಂದೂ ಇಲ್ಲ’ ಎಂಬುದಕ್ಕೆ 100, ‘ಹೆಚ್ಚುಕಡಿಮೆ ಯಾವಾಗಲೂ’ ಎಂಬುದಕ್ಕೆ 0, ನಡುವಿನ ಮೂರು ಉತ್ತರಗಳಿಗೆ 75, 50, 25 ಎಂದು ಅಂಕ ಕೊಡುತ್ತಾರೆ. ಮಗುವಿಗೊಂದು ಹಾಳೆ, ತಂದೆತಾಯಿಗೆ ಬೇರೊಂದು ಹಾಳೆ.

ಇಂಗ್ಲಿಷಿನಲ್ಲಿ ಹುಟ್ಟಿದ ಈ ಪ್ರಶ್ನೆಗಳು ಗುಜರಾತಿಗೋ ಕನ್ನಡಕ್ಕೋ ಬರುವಾಗ ತೊಡಕು ಮೊದಲಾಗುತ್ತದೆ. ಒಂದು ‘ಬ್ಲಾಕಿ’ಗಿಂತ ಹೆಚ್ಚು ದೂರ ನಡೆಯುವುದು ಕಷ್ಟವೇ ಎಂದು ಒಂದು ಪ್ರಶ್ನೆ. ಅಹಮದಾಬಾದಿನ ಹಳೆಯ ಪೋಳಿನಲ್ಲಿ ಬೆಳೆದ ಮಗುವಿಗೆ ಬ್ಲಾಕ್ ಎಂದರೇನು? ನಮ್ಮ ಧಾರವಾಡದವರು ಓಣಿ ಎಂದಾರು, ಮೈಸೂರಿನವರು ಬೀದಿ ಎಂದಾರು; ಎರಡರ ಉದ್ದವೂ ಒಂದೇ ಅಲ್ಲ. ರಕ್ತದ ಸಕ್ಕರೆ ಇಳಿಯುವುದನ್ನು ಇಂಗ್ಲಿಷಿನಲ್ಲಿ ‘ಲೋ’ ಆಗುವುದು ಎನ್ನುತ್ತಾರೆ. ಪದಕ್ಕೆ ಪದವಿಟ್ಟು ‘ಕೆಳಗೆ ಹೋಗುತ್ತೇನೆ’ ಎಂದು ಬರೆದರೆ ಮಹಡಿಯ ಮನೆಯ ಮಗು ಮೆಟ್ಟಿಲನ್ನು ನೆನೆದೀತು!

ಆದುದರಿಂದ ಈ ಕೆಲಸಕ್ಕೆ ಒಂದು ಕ್ರಮವಿದೆ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಿ, ಎರಡನ್ನೂ ಹೋಲಿಸಿ ಒಂದು ಮಾಡುತ್ತಾರೆ. ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಅರ್ಥ ಎಲ್ಲಿ ಜಾರಿತೆಂಬುದು ಆಗ ಬಯಲಾಗುತ್ತದೆ. ಬಳಿಕ ಕೆಲವು ಮಕ್ಕಳ ಜೊತೆ ಕುಳಿತು, ‘ಇದನ್ನು ಓದಿ ನಿನಗೇನು ತಿಳಿಯಿತು?’ ಎಂದು ಕೇಳುತ್ತಾರೆ. ಕೊನೆಗೆ ಅನೇಕ ಮಕ್ಕಳಿಂದ ಉತ್ತರ ಪಡೆದು, ಒಂದೇ ಭಾಗದ ಉತ್ತರಗಳು ಒಂದಕ್ಕೊಂದು ಹೊಂದುವುವೇ, ಕೆಲವು ದಿನಗಳ ಮೇಲೆ ಕೇಳಿದರೂ ಅವೇ ಬರುವುವೇ, ಆರೋಗ್ಯವಂತ ಮಕ್ಕಳಿಗೂ ಇವರಿಗೂ ಅಂತರ ಕಾಣುವುದೇ ಎಂದು ಲೆಕ್ಕ ನೋಡುತ್ತಾರೆ. ಇಷ್ಟಾದ ಮೇಲೆಯೇ ಅನುವಾದ ನಂಬಿಕೆಗೆ ಅರ್ಹ.

ಇಷ್ಟು ಪರಿಶ್ರಮವನ್ನು ನಾವು ಒಂದು ಬೆಂಚಿನ ಮೇಲೆ ಕುಳಿತು ಐದು ನಿಮಿಷದಲ್ಲಿ ಕೆಡಿಸಿದೆವು. ಆಸ್ಪತ್ರೆಯೊಂದರಲ್ಲಿ ಮಗಳ ಕೈಗೆ ಗುಜರಾತಿ ಹಾಳೆ ಕೊಟ್ಟರು. ಶಾಲೆಯಲ್ಲಿ ಅವಳು ಓದುವುದು ಗುಜರಾತಿಯನ್ನೇ. ಆದರೂ ನಾವು ಅದನ್ನು ಕಸಿದುಕೊಂಡು, ತಡವರಿಸಿ ಓದಿ, ನಮಗೆ ತೋಚಿದ ಕನ್ನಡದಲ್ಲಿ ಕೇಳಿದೆವು: “ಸೂಜಿ ಚುಚ್ಚಿದ್ರ ನೋವಾಗೂದಿಲ್ಲ, ಹೌದಲ್ಲ?” ಮಗು “ಇಲ್ಲ” ಎಂದಿತು. ಎಂದೂ ಇಲ್ಲವೆಂದು ನಾವೇ ಗುರುತು ಹಾಕಿದೆವು. ಮುಂದಿನ ಸಲ ದಾದಿಯೊಬ್ಬರು ನಮ್ಮನ್ನು ಹೊರಗೆ ಕೂರಿಸಿ, ಅವಳೊಬ್ಬಳಿಗೇ ಹಾಳೆ ಕೊಟ್ಟರು. ಅದೇ ಪ್ರಶ್ನೆಗೆ ‘ಆಗಾಗ’ ಎಂದು ಗುರುತಾಗಿತ್ತು. ಮನೆಗೆ ಬಂದು ಕೇಳಿದರೆ, “ಅವ್ವಾ, ನೀ ಮನಸಿಗೆ ಹಚ್ಕೋತಿ ಅಂತ ಹಂಗಂದೆ” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ವೈದ್ಯರು ಆ ಗುರುತನ್ನು ನೋಡಿ, ಚುಚ್ಚುವ ಜಾಗವನ್ನು ಪ್ರತಿ ಸಲವೂ ಬದಲಿಸುವುದನ್ನು ಕಲಿಸಿದರು, ಗಿಡ್ಡ ಸೂಜಿಯನ್ನು ಬರೆದುಕೊಟ್ಟರು. ನಾವು ಅಳಿಸಿದ್ದ ನೋವಿಗೆ ಹೀಗೆ ಪರಿಹಾರ ದೊರೆಯಿತು.

ಅಹಮದಾಬಾದು, ವಡೋದರಾ, ಸೂರತ್ತುಗಳ ನಮ್ಮ ಮಕ್ಕಳು ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ನುಡಿಯಲ್ಲಿ ಬೆಳೆಯುವವರು. ಕನ್ನಡದ ಮೇಲಿನ ಅಭಿಮಾನದಿಂದಲೇ ಹೇಳುತ್ತೇವೆ: ಯಾವ ಭಾಷೆಯ ಹಾಳೆ ಬೇಕೆಂಬುದನ್ನು ಮಗುವೇ ಆರಿಸಲಿ. ತಂದೆತಾಯಿಗಳು ತಮ್ಮ ಹಾಳೆಯನ್ನು ಮಾತ್ರ ತುಂಬಲಿ; ಓದಿ ಹೇಳಬೇಕಾದರೆ ಬರೆದುದನ್ನು ಬರೆದಂತೆಯೇ ಓದಲಿ. ಅನುವಾದವನ್ನು ಪರೀಕ್ಷಿಸುವವರು ಎಂದಾದರೂ ನಮ್ಮ ಬಾಗಿಲಿಗೆ ಬಂದು, ‘ಈ ಮಾತು ನಿಮ್ಮ ಮಗುವಿಗೆ ತಿಳಿಯುವುದೇ?’ ಎಂದು ಕೇಳಿದರೆ, ಬೇಸರಿಸದೆ ಅರ್ಧ ಗಂಟೆ ಕೊಡೋಣ. ಒಂದು ಮಗು “ತಿಳಿಯಲಿಲ್ಲ” ಎಂದರೆ, ಮುಂದೆ ಬರುವ ನೂರು ಮಕ್ಕಳಿಗೆ ತಿಳಿಯುವ ಮಾತು ಸಿಕ್ಕೀತು.