ಹಳೆಯ ವಸ್ತು, ನಿವೃತ್ತರ ವ್ಯಾಪಾರ



ರ್ಯಾಂಚೊ ಪೆನಾಸ್ಕಿಟೋಸ್‌ನ ಬೀದಿಗಳಲ್ಲಿ ಶನಿವಾರ ಬೆಳಗ್ಗೆ ಅಡ್ಡಾಡಿದವರಿಗೆ ಗರಾಜ್ ಸೇಲ್‌ನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಕ್ಕಳು ಕಾಲೇಜಿಗೆ ಹೊರಟುಹೋದ ಮನೆಗಳಿಂದ ಪಿಟೀಲು, ಕ್ಯಾಮರಾ, ಪಠ್ಯಪುಸ್ತಕಗಳು ಅಂಗಳಕ್ಕೆ ಬರುತ್ತವೆ. ಅವನ್ನು ಅಗ್ಗವಾಗಿ ಕೊಂಡು ಅಂತರಜಾಲದಲ್ಲಿ ಮಾರುವ ಯೋಚನೆ ನಮ್ಮ ನಿವೃತ್ತರಿಗೆ ಬಂದರೆ ಅದು ಸಹಜ, ಕೀಳೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳನ್ನು ಓದಿ ಇಂಜಿನಿಯರಾದವರು ನಮ್ಮಲ್ಲಿ ಎಷ್ಟು ಮಂದಿ! ಈಬೇ ಹುಟ್ಟಿದ್ದೂ ಇದೇ ರಾಜ್ಯದಲ್ಲಿ. 1995ರಲ್ಲಿ ಪಿಯರ್ ಒಮಿಡ್ಯಾರ್ ಅದನ್ನು ಆರಂಭಿಸಿದಾಗ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್.

ಲಾಭದ ಲೆಕ್ಕ ಸರಳ. 5 ಡಾಲರಿಗೆ ಕೊಂಡದ್ದು 40ಕ್ಕೆ ಹೋಯಿತೆನ್ನೋಣ. ಶೇಕಡಾ 13ರ ಆಸುಪಾಸಿನ ಶುಲ್ಕ, 10 ಡಾಲರಿನ ಅಂಚೆ ಮತ್ತು ಪೆಟ್ಟಿಗೆಯ ಖರ್ಚು ಕಳೆದರೆ ಉಳಿಯುವುದು 20ರ ಹತ್ತಿರ. ಕಾರಿನ ಓಡಾಟ ಬೇರೆ.

ಊರಿನಿಂದ ತಂದ ಭಾರತೀಯ ಆವೃತ್ತಿಯ ಪುಸ್ತಕಗಳನ್ನು ಇಲ್ಲಿ ಮಾರಬಹುದೇ ಎಂಬ ಸಂಶಯವುಂಟು. ಥಾಯ್ ವಿದ್ಯಾರ್ಥಿ ಸುಪಾಪ್ ಕಿರ್ಟ್‌ಸೇಂಗ್ ತನ್ನ ದೇಶದಿಂದ ಅಗ್ಗದ ಪಠ್ಯಪುಸ್ತಕ ತರಿಸಿ ಮಾರಿದಾಗ ಪ್ರಕಾಶಕರಾದ ವೈಲಿ ಮೊಕದ್ದಮೆ ಹೂಡಿದರು. ನ್ಯಾಯಸಮ್ಮತವಾಗಿ ಅಚ್ಚಾದ ಪ್ರತಿ ಎಲ್ಲಿಯದಾದರೂ ಅದನ್ನು ಕೊಂಡವನು ಮರಳಿ ಮಾರಬಹುದೆಂದು ಸುಪ್ರೀಂ ಕೋರ್ಟು 2013ರಲ್ಲಿ 6-3ರ ಬಹುಮತದಿಂದ ತೀರ್ಪಿತ್ತಿತು. ಕಳ್ಳ ಅಚ್ಚಿನ ಪುಸ್ತಕಗಳಿಗೆ ಈ ರಕ್ಷಣೆಯಿಲ್ಲ.

ಇನ್ನು ತೆರಿಗೆ. ಮನೆಯ ಸ್ವಂತ ವಸ್ತುವನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೆ ಆದಾಯ ತೆರಿಗೆಯಿಲ್ಲ. ಮಾರುವುದಕ್ಕೆಂದೇ ಕೊಂಡು ಲಾಭ ಪಡೆದರೆ ಅದು ಸ್ವಂತ ಉದ್ಯೋಗದ ವರಮಾನ. ವರ್ಷದ ನಿವ್ವಳ ಲಾಭ 400 ಡಾಲರ್ ಮುಟ್ಟಿದೊಡನೆ, ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗಾಗಿ ಶೇಕಡಾ 15.3ರ ತೆರಿಗೆ ಅನ್ವಯಿಸುತ್ತದೆ. 1099-ಕೆ ಪತ್ರ ಬಾರದಿದ್ದರೆ ತೆರಿಗೆಯೂ ಇಲ್ಲವೆಂದು ಕೆಲವರು ನಂಬಿದ್ದಾರೆ. ಅದು ತಪ್ಪು.

ಈ ತೆರಿಗೆಯನ್ನು ದಂಡವೆಂದು ನಾನು ಎಣಿಸುವುದಿಲ್ಲ. ಐವತ್ತು ದಾಟಿದ ಮೇಲೆ ಗ್ರೀನ್ ಕಾರ್ಡಿನ ಮೇಲೆ ಬಂದವರ ಸ್ಥಿತಿಯನ್ನು ನೋಡಿ. ಇಲ್ಲಿಯ ನಿವೃತ್ತಿವೇತನಕ್ಕೆ 40 ಕ್ರೆಡಿಟ್ ಬೇಕು. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದವಿಲ್ಲದ್ದರಿಂದ, ಊರಿನಲ್ಲಿ ಮೂವತ್ತು ವರ್ಷ ದುಡಿದದ್ದು ಇಲ್ಲಿ ಲೆಕ್ಕಕ್ಕೆ ಬಾರದು. 2025ರಲ್ಲಿ 1,810 ಡಾಲರ್ ಗಳಿಕೆಗೆ ಒಂದು ಕ್ರೆಡಿಟ್ ಇತ್ತು. ಆ ವರ್ಷ 7,240 ಡಾಲರ್ ಗಳಿಸಿದರೆ ವರ್ಷದ ನಾಲ್ಕೂ ದೊರೆಯುತ್ತಿದ್ದವು. ಹೀಗೆ ಹತ್ತು ವರ್ಷ ನಡೆದರೆ ಸಣ್ಣದಾದರೂ ನಿವೃತ್ತಿವೇತನವುಂಟು, 65ರ ನಂತರ ಮೆಡಿಕೇರ್‌ನ ಆಸ್ಪತ್ರೆ ವಿಮೆಗೆ ಮಾಸಿಕ ಕಂತಿಲ್ಲ. ಲಾಭವನ್ನು ಮುಚ್ಚಿಟ್ಟವರಿಗೆ ಇವೆರಡೂ ತಪ್ಪುತ್ತವೆ. ಅರವತ್ತೆರಡಕ್ಕೇ ವೇತನ ಪಡೆಯತೊಡಗಿದವರು ಮಾತ್ರ ವಾರ್ಷಿಕ ಗಳಿಕೆಯ ಮಿತಿಯನ್ನು ನೋಡಿಕೊಳ್ಳಬೇಕು. 2025ರಲ್ಲಿ ಅದು 23,400 ಡಾಲರ್ ಆಗಿತ್ತು.

ಸಂದರ್ಶಕ ವೀಸಾದಲ್ಲಿ ಬಂದ ತಂದೆತಾಯಿಗಳನ್ನು ಈ ವ್ಯಾಪಾರಕ್ಕೆ ದಯವಿಟ್ಟು ಇಳಿಸಬೇಡಿ. ಅವರಿಗೆ ಇಲ್ಲಿ ದುಡಿಯುವ ಅನುಮತಿಯಿಲ್ಲ. ಅಪ್ಪನಿಗೆ ಹೊತ್ತು ಹೋಗಲೆಂದು ಖಾತೆ ತೆರೆದುಕೊಟ್ಟೆವೆಂಬ ವಿವರಣೆಯನ್ನು, ಮುಂದಿನ ಸಲ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳ ಮುಂದೆ ಕೊಡಬೇಕಾದವರು ಆ ವೃದ್ಧರೇ.