ಹುಲ್ಲೂ ಹುಳುವೂ



ಕೌಜಲಗಿಯ ಎರೆಹೊಲದ ಒಕ್ಕಲಿಗನಿಗೆ ಕರಿಕೆಯೆಂದರೆ ಕಳೆ. ಪಟ್ಟಣದ ಬಂಗಲೆಯವರಿಗೆ ಅದೇ ಅಂಗಳದ ಹಸುರು ಹಾಸು. ಪೂಜೆಗೆ ಕುಳಿತವರಿಗೆ ಗಣಪತಿಯ ದೂರ್ವೆ. ನಾವು ಉಣ್ಣುವ ಜೋಳವೂ ಈ ಹುಲ್ಲಿನ ಕುಲದ್ದೇ. ಆದುದರಿಂದ ಹುಲ್ಲುಹಾಸಿಗೆ ಬಂದ ಕೇಡಿನ ಕಥೆಯು ಜೋಳ ಬಿತ್ತುವವರಿಗೂ ಬೇಕಾದುದಾಗಿದೆ.

ಗಿಡವು ಕೀಟವನ್ನು ತಾನೇ ಎದುರಿಸುವ ಬಗೆಗಳನ್ನು ಅಮೆರಿಕದ ಕೀಟಶಾಸ್ತ್ರಜ್ಞ ಪೇಂಟರ್ ಅವರು 1951ರ ತಮ್ಮ ಗ್ರಂಥದಲ್ಲಿ ಮೂರಾಗಿ ವಿಂಗಡಿಸಿದರು. ಕೀಟಕ್ಕೆ ರುಚಿಸದಂತಿರುವುದು ಒಂದು. ತಿಂದ ಕೀಟಕ್ಕೆ ಏಳಿಗೆಯಾಗದಂತೆ ಮಾಡುವುದು ಎರಡು. ತಿನ್ನಿಸಿಕೊಂಡರೂ ಮತ್ತೆ ಚಿಗುರಿ ನಿಲ್ಲುವುದು ಮೂರು.

ನಮ್ಮ ಜೋಳವನ್ನೇ ನೋಡೋಣ. ಪೈರು ಮೊಳೆತ ಮೊದಲ ನಾಲ್ಕು ವಾರಗಳಲ್ಲಿ ಸುಳಿನೊಣವು ಎಲೆಯ ಕೆಳಮೈಯಲ್ಲಿ ಬಿಳಿಯ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಹೊರಬಂದ ಮರಿಹುಳುವು ಎಲೆಯ ಮೇಲಿನ ತೇವದ ಆಸರೆಯಿಂದ ಸುಳಿಗಿಳಿದು, ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ. ನಡುಸುಳಿ ಒಣಗುತ್ತದೆ, ಎಳೆದರೆ ಕಿತ್ತು ಕೈಗೆ ಬಂದು ಕೊಳೆತ ವಾಸನೆ ಬೀರುತ್ತದೆ. ಹಿಂಗಾರಿಯ ಒಂದೇ ಬೆಳೆಯನ್ನು ನಂಬಿದವನಿಗೆ ಸುಳಿ ಹೋದರೆ ವರ್ಷದ ರೊಟ್ಟಿಯೂ ದನಗಳ ಕಣಿಕೆಯೂ ಹೋದಂತೆಯೇ ಸರಿ.

ಆದರೆ ಎಳೆಯ ಎಲೆಗೆ ಹೊಳಪೂ ಸೂಕ್ಷ್ಮವಾದ ರೋಮವೂ ಇರುವ ತಳಿಗಳ ಮೇಲೆ ಈ ನೊಣವು ಮೊಟ್ಟೆಯಿಡುವುದು ಕಡಿಮೆ. ಸುಳಿಯಲ್ಲಿ ತೇವ ಕಡಿಮೆಯಿದ್ದಷ್ಟೂ ಮರಿಹುಳುವಿನ ಹಾದಿ ಕಠಿನ. ಕೆಲವು ತಳಿಗಳಂತೂ ಸುಳಿ ಸತ್ತ ಮೇಲೂ ಬುಡದಲ್ಲಿ ಮರಿ ಒಡೆದು ತೆನೆ ಕೊಡುತ್ತವೆ. 1930ರ ದಶಕದಲ್ಲಿ ಸೊಲ್ಲಾಪುರದ ಕಡೆಯ ಮೋಹೋಳದಲ್ಲಿ, ರೈತರ ಮಾಲದಂಡಿ ಜೋಳದಿಂದ ಆರಿಸಿದ ಎಂ. 35-1 ತಳಿಯು ಹಿಂಗಾರಿ ಹೊಲಗಳಲ್ಲಿ ಬಹುಕಾಲ ಬೇರೂರಿ ನಿಂತಿತು.

ಇನ್ನು ಎಚ್ಚರದ ಮಾತು. ಅಮೆರಿಕದ ಫ್ಲಾರಿಡಾ, ಟೆಕ್ಸಾಸ್ ಪ್ರಾಂತಗಳಲ್ಲಿ ಸೇಂಟ್ ಆಗಸ್ಟೀನ್ ಹುಲ್ಲಿನ ಹಾಸುಗಳನ್ನು ಚಿಂಚ್ ಎಂಬ ತಿಗಣೆಯು ರಸ ಹೀರಿ ಒಣಗಿಸುತ್ತಿತ್ತು. ಅದನ್ನು ತಡೆಯಬಲ್ಲ ಫ್ಲೊರಾಟಾಮ್ ತಳಿಯನ್ನು 1973ರಲ್ಲಿ ಹೊರತಂದರು. ಮನೆಮನೆಯ ಮುಂದೆಯೂ ಅದೇ ಹುಲ್ಲು ಹರಡಿತು. ಆದರೆ 1980ರ ದಶಕದ ನಡುವೆ ಫ್ಲಾರಿಡಾದಲ್ಲಿ ಆ ಹುಲ್ಲನ್ನೂ ತಿಂದು ಬದುಕುವ ತಿಗಣೆಗಳು ತಲೆದೋರಿದವು. ಹುಲ್ಲು ಒಂದೇ ಬಗೆಯದಾದರೆ, ಹುಳುವು ಗೆಲ್ಲಬೇಕಾದ ಕೋಟೆಯೂ ಒಂದೇ ಆಗುತ್ತದೆ.

ಆದುದರಿಂದ ತಳಿಯೊಂದನ್ನೇ ನಂಬಿ ಕೈಕಟ್ಟಿ ಕೂಡುವುದು ತರವಲ್ಲ. ನೆರೆಹೊರೆಯವರೆಲ್ಲ ಒಂದೇ ಹದದಲ್ಲಿ ಬಿತ್ತೋಣ. ಬೀಜವನ್ನು ತುಸು ಹೆಚ್ಚು ಹಾಕಿ, ಸುಳಿ ಒಣಗಿದ ಸಸಿಗಳನ್ನು ಕಿತ್ತು ನಾಶಮಾಡೋಣ. ಹೊಸ ಬೀಜವನ್ನು ತಂದ ದಿನವೂ ಮನೆಯ ಹಳೆಯ ಬೀಜದ ಗಡಿಗೆಯನ್ನು ಬರಿದು ಮಾಡದಿರೋಣ. ಮುಂದಿನ ಹುಳುವಿಗೆ ಉತ್ತರವು ಅದರಲ್ಲಿಯೇ ಇರಬಹುದು.